ಸಮುದ್ರಮಟ್ಟದಿಂದ ಎತ್ತರ

ನಾಲ್ಕನೇ ಮಹಡಿ, ಕೊಠಡಿ ನಾನೂರ ಹದಿನೇಳು.
ಕಿಟಕಿಯಾಚೆ ಸಿಲ್ವರ್ ಓಕ್, ಅದರಾಚೆ ಮೆಟ್ರೋ,
ಅದರಾಚೆ ಎಷ್ಟು ಕತ್ತು ಚಾಚಿದರೂ
ಕಡಲು ಕಾಣದು.
ಇಲ್ಲಿ ಕೂತು ನಾವು,
ಬಂದರಿನ ಪರಿಸರ ಸಲಹಾ ಸಮಿತಿಯವರು,
ಬರುವ ವರ್ಷದ ನೀರನ್ನು
ಹನ್ನೆರಡು ಚೌಕ ಮಾಡಿ ಕೊಯ್ಯುತ್ತಿದ್ದೇವೆ.

ಬೋರ್ಡಿನ ಮೇಲೆ ಗೆರೆ ಎಳೆದವನು ನಾನೇ,
ಸೆಕ್ಷನ್ ಆಫೀಸರ್, ಹುಟ್ಟೂರು ಚಿಂತಾಮಣಿ.
ಅಲೆಯೆಂದರೆ ನನಗೆ
ರಾಗಿ ಹೊಲದ ಮೇಲೆ ಗಾಳಿ ಹಾಯುವುದು.
ಉಪ್ಪೆಂದರೆ ಪೊಟ್ಟಣ.
ಆದರೂ ಮೂರು ವರ್ಷದಿಂದ ಕಡಲಿನ ಫೈಲು
ನನ್ನ ಮೇಜಿನ ಎಡಗಡೆ
ಕೆಂಪು ದಾರ ಬಿಗಿದುಕೊಂಡು ಕೂತಿದೆ.

ಏಪ್ರಿಲ್: ನೀರಿನ ಮಾದರಿ.
ಮೇ: ಕಲ್ಲಿದ್ದಲ ಧೂಳಿನ ಅಳತೆ.
ಜೂನ್, ಜುಲೈ: ದೋಣಿಗಳಿಗೆ ರಜೆ, ಆದ್ದರಿಂದ ನಮಗೂ.
ಹೂಳೆತ್ತುವ ಹಡಗಿಗೆ ನವೆಂಬರೇ ಬೇಕೆಂದರು
ಬಂದರಿನ ಇಂಜಿನಿಯರು.
ಆಗ ಆಮೆಗಳು ಮೊಟ್ಟೆಯಿಡಲು ದಡ ಹುಡುಕುತ್ತವೆ ಎಂದರು
ಡಾಕ್ಟರ್ ಅರುಂಧತಿ ಮಹಾಲೆ.
"ಆಮೆಗೊಂದು ಪತ್ರ ಬರೆದು
ಫೆಬ್ರವರಿಗೆ ಮುಂದೂಡಲು ಕೇಳೋಣವೇ?"
ನಕ್ಕೆವು. ಬಿಸ್ಕತ್ತಿನ ತಟ್ಟೆ ಒಂದು ಸುತ್ತು ಬಂತು.

ನಗದವರು ಒಬ್ಬರೇ.
ರಾತ್ರಿ ಬಸ್ಸಿನಲ್ಲಿ ಬಂದು, ಮೆಜೆಸ್ಟಿಕ್ಕಿನ ನಲ್ಲಿಯಲ್ಲಿ ಮುಖ ತೊಳೆದು,
ನೇರ ಇಲ್ಲಿಗೆ ಬಂದ ಸದಸ್ಯೆ
ಶೇವಂತಿ ಹರಿಕಾಂತ.
ಎ.ಸಿ.ಗೆ ಸೆರಗು ಹೊದ್ದು ಕೇಳಿದರು:
"ಅಲ್ರಾ, ನೀರು ತುಂಬೂದು ಭರತಕ್ಕೋ, ಇಳತಕ್ಕೋ?"

ಯಾರಿಗೂ ಗೊತ್ತಿಲ್ಲ.
ಕಡತದಲ್ಲಿದ್ದದ್ದು ಇಷ್ಟೇ: ಬೆಳಿಗ್ಗೆ ಹತ್ತೂವರೆ.

"ಭರತಕ್ಕೆ ತುಂಬಿದ್ರೆ ಸ್ವಚ್ಛವೇ ಸಿಗ್ತದೆ.
ಕಸ ಮಾತಾಡೂದು
ನೀರು ಇಳಿದ ಮೇಲೆ."

ಗೋಡೆಯ ಮೇಲೊಂದು ಪಂಚಾಂಗದ ಕ್ಯಾಲೆಂಡರು,
ಯಾವುದೋ ಕೋ-ಆಪರೇಟಿವ್ ಬ್ಯಾಂಕು ಕೊಟ್ಟದ್ದು.
ಈವರೆಗೆ ಅದನ್ನು ನೋಡುತ್ತಿದ್ದದ್ದು
ರಾಹುಕಾಲಕ್ಕೆ, ಸರ್ಕಾರಿ ರಜೆಗೆ.
ಇಂಜಿನಿಯರು ಎದ್ದು ಹೋಗಿ, ಕನ್ನಡಕ ಹಣೆಗೇರಿಸಿ,
ಅಮಾವಾಸ್ಯೆಗಳನ್ನು ಒಂದೊಂದಾಗಿ ಓದಿದರು.
ನಾನು ಬರೆದುಕೊಂಡೆ.
ಚೌಕಗಳು ಓರೆಯಾದವು;
ಏಪ್ರಿಲಿನ ಕೆಲಸ ಮೇ ತಿಂಗಳಿಗೆ ಒಂದು ಕಾಲು ಚಾಚಿತು.

ಊಟಕ್ಕೆ ಮುನ್ನ ಅವರು ಇನ್ನೊಂದು ಕೇಳಿದರು,
ನನ್ನ ಕಡೆ ನೋಡಿ ಅಲ್ಲ, ಫೈಲಿನ ಕಡೆ ನೋಡಿ:
"ಆರನೇ ಬಾಟ್ಲಿ ಏನಾಯ್ತು?
ನಾವು ಬಳಚು ಆರಿಸೋ ಜಾಗದ್ದು."

ವರದಿಯಲ್ಲಿದೆ: ಮಾದರಿ ಆರು, ಸ್ವೀಕೃತವಾಗಿಲ್ಲ.
ವರದಿಯಲ್ಲಿ ಇಲ್ಲದ್ದು:
ಹೋದ ವರ್ಷ, ನಸುಕಿನ ಐದು ಗಂಟೆ,
ಬಸ್ಸಿನ ಹೊಟ್ಟೆಯಿಂದ ಐಸ್ ಪೆಟ್ಟಿಗೆ ಇಳಿಸಿಕೊಂಡವನು ನಾನು.
ಐಸು ಕರಗಿತ್ತು. ಒಂದರ ಮುಚ್ಚಳ ಸಡಿಲ.
ನಲವತ್ತಾರು ವರ್ಷದಲ್ಲಿ ಮೊದಲ ಸಲ
ಕಡಲು ನನ್ನ ಅಂಗೈ ಮೇಲೆ.
ಯಾರೂ ನೋಡುತ್ತಿಲ್ಲವೆಂದು
ಬೆರಳು ನಾಲಿಗೆಗಿಟ್ಟೆ.

ಉಪ್ಪಿಗಿಂತ ಮೊದಲು ಡೀಸೆಲ್ ಸಿಕ್ಕಿತು.

ಉಳಿದರ್ಧ ನೀರನ್ನು ಮೋರಿಗೆ ಸುರಿದೆ,
ಖಾಲಿ ಬಾಟಲಿಯನ್ನು ಆಟೋದಲ್ಲಿ ಬಿಟ್ಟೆ.
ಅರ್ಧ ಬಾಟಲಿಗೆ ಲ್ಯಾಬಿನವರು ಕಾರಣ ಕೇಳುತ್ತಾರೆಂಬ ಹೆದರಿಕೆ,
ಅಷ್ಟೇ.
ಅಷ್ಟೇ ಎಂದು ಈಗ ಬರೆಯುವಾಗ
ಪೆನ್ನು ಒಮ್ಮೆ ನಿಲ್ಲುತ್ತದೆ.

"ನನ್ನಿಂದಾಯ್ತಮ್ಮ," ಅಂದೆ.
ಸಭೆಗೆ ಕೇಳಿಸಿತೋ ಇಲ್ಲವೋ. ಅವರಿಗೆ ಕೇಳಿಸಿತು.
ಬೈಯಲಿಲ್ಲ. ಕ್ಷಮೆಯನ್ನೂ ಕೊಡಲಿಲ್ಲ.
ಎರಡು ಬಿಸ್ಕತ್ತು ಕರವಸ್ತ್ರಕ್ಕೆ ಕಟ್ಟಿಕೊಂಡು
"ಮತ್ತೆ ಯಾವಾಗ ತುಂಬೂದು, ಅದನ್ನ ಬರೀರಿ" ಅಂದರು.

ಬರೆದೆ. ಏಪ್ರಿಲ್, ಅಮಾವಾಸ್ಯೆ, ಇಳತ.
ಆರನೇ ಜಾಗ. ಎರಡು ಬಾಟಲಿ.
ತರಲು ಹೋಗುವವರು: ಸೆಕ್ಷನ್ ಆಫೀಸರ್.
ಪ್ರಯಾಣ ಭತ್ಯೆ: ಮಂಜೂರಾತಿಗೆ ಕಾಯದೆ.

ಸಂಜೆ ರೈಲ್ವೆ ನಿಲ್ದಾಣಕ್ಕೆ ಹೋಗಿ ಟಿಕೇಟು ಮಾಡಿಸಿದೆ.
ಪ್ಲಾಟ್‌ಫಾರಂ ತುದಿಯಲ್ಲಿ ಹಳದಿ ಕಲ್ಲು,
ಊರಿನ ಹೆಸರಿನ ಕೆಳಗೆ
ಸಮುದ್ರಮಟ್ಟದಿಂದ ಎತ್ತರ, ಇಷ್ಟು ಮೀಟರು.
ದಿನವೂ ಕಂಡದ್ದೇ.
ಇವತ್ತು ಮಾತ್ರ ಅದನ್ನು
ಇಳಿಯಬೇಕಾದ ದೂರದಂತೆ ಓದಿದೆ.